ವಾಚ್ ರಿಪೇರಿಯವರು ಆರಿಸಿಕೊಟ್ಟ ರೀಲು

ಹೊಲಿಗೆ ಮೆಷಿನ್ನಿಗೆ ಹಾಕುವ ಎಣ್ಣೆಗೆ ತನ್ನದೇ ಒಂದು ತೆಳ್ಳನೆಯ ವಾಸನೆ ಇದೆ. ಮೊನ್ನೆ ಭಾನುವಾರ ಹೆಂಡತಿ ಮೆಷಿನ್ನನ್ನು ಹಿಂದಕ್ಕೆ ವಾಲಿಸಿ ಎಣ್ಣೆ ಬಿಡುತ್ತಿದ್ದಳು. ಅವಳ ತಮ್ಮ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ಮೀನಿನ ಗಾಳದ ದಾರ ಸುತ್ತುವ ರೀಲುಗಳ ಚಿತ್ರ ತೋರಿಸುತ್ತಿದ್ದ. ಬೇಟ್‌ಕಾಸ್ಟಿಂಗ್ ರೀಲೇ ಬೇಕಂತೆ, ಮೊದಲನೆಯದಂತೆ, ಕೈಯಲ್ಲಿ ದುಡ್ಡು ಮಾತ್ರ ಕಡಿಮೆಯಂತೆ. ಯಾವುದು ತೆಗೆದುಕೊಳ್ಳಲಿ ಎಂದು ನನ್ನನ್ನು ಕೇಳುತ್ತಿದ್ದ. ಆ ಎಣ್ಣೆಯ ವಾಸನೆ ಮೂಗಿಗೆ ಬಂದದ್ದೇ ನನಗೆ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರವಿದ್ದ ವಾಚ್ ರಿಪೇರಿಯವರು ನೆನಪಾದರು. ಅವರಿದ್ದಿದ್ದರೆ ಸರಿಯಾಗಿ ಹೇಳುತ್ತಿದ್ದರು ಎಂದೆ.

"ಯಾರು ಭಾವ? ನಿಮಗೆ ಡಬ್ಬಾ ರೀಲು ಕೊಡ್ಸಿ ಕಮಿಷನ್ ಹೊಡೆದ್ರಂತಲ್ಲ, ಅವರಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಎರಡು ಬಿಗಿಯೋಣ ಎನ್ನಿಸಿತು. ಆದರೆ ಆ ಮಾತು ಹುಟ್ಟಿದ್ದು ಅವನ ಬಾಯಲ್ಲಲ್ಲ, ನನ್ನ ಬಾಯಲ್ಲಿ. ಇಷ್ಟು ವರ್ಷವಾದರೂ ಅದು ಸಾಯದೆ ನನ್ನ ಮನೆಯ ಜಗಲಿಗೇ ಬಂದು ಕುಳಿತಿತ್ತು.

ನಾನು ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ಔಷಧಿ ಹೊಡೆಯುವುದು ನನ್ನ ಕೆಲಸ. ಬಿಡುವಾದಾಗ ಮುತ್ತಿನಕೊಪ್ಪದಿಂದ ಭದ್ರಾ ಹಿನ್ನೀರಿಗೆ ಹೋಗಿ ಬಿದಿರಿನ ಕೋಲು, ತಂಗೂಸಿ ದಾರ ಹಿಡಿದು ಕೂರುತ್ತಿದ್ದೆ. ಒಮ್ಮೆ ಹೊರಗಿನಿಂದ ಬಂದ ಇಬ್ಬರು ಅಂಗೈಯಷ್ಟು ದೊಡ್ಡ ಬೇಟ್‌ಕಾಸ್ಟಿಂಗ್ ರೀಲನ್ನು ರಾಡಿನ ಮೇಲೆ ಕೂರಿಸಿಕೊಂಡು, ದಾರ ಸುತ್ತಿದ ಅದರ ಉರುಳೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಬೀಸುವಾಗ ಬಿಟ್ಟು, ಇಪ್ಪತ್ತು ಮಾರು ದೂರಕ್ಕೆ ಎಸೆಯುವುದನ್ನು ನೋಡಿದೆ. ಅವತ್ತಿನಿಂದ ನನಗೆ ಅದರದೇ ಹುಚ್ಚು. ಒಂದು ಮಳೆಗಾಲವಿಡೀ ಔಷಧಿ ಹೊಡೆದ ಕೂಲಿಯಲ್ಲಿ ಉಳಿಸಿ ಉಳಿಸಿ ಸ್ವಲ್ಪ ಕೂಡಿಸಿದೆ. ಕೊಪ್ಪದ ವಾಚ್ ರಿಪೇರಿಯವರು ರೀಲುಗಳನ್ನೂ ರಿಪೇರಿ ಮಾಡುತ್ತಾರೆ, ಅವರನ್ನು ಕೇಳು ಎಂದು ಯಾರೋ ಹೇಳಿದರು.

ಅವರು ಶೃಂಗೇರಿ ಕಡೆಯವರು. ಹೊಳೆಯ ಮೀನಿಗೆ ಮಂಡಕ್ಕಿ ಹಾಕಿ ಬೆಳೆದವರು. ಮೀನು ತಿನ್ನುವುದಿರಲಿ, ಮುಟ್ಟುತ್ತಲೂ ಇರಲಿಲ್ಲ. ಆದರೆ ರೀಲು ಸಿಕ್ಕಿದರೆ ಊಟ ಮರೆಯುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದರ ಹಲ್ಲುಚಕ್ರಗಳನ್ನು ನೋಡುತ್ತಿದ್ದ ಆ ಮುಖ... ಅವರಲ್ಲಿ ಇನ್ನೊಂದು ಪದ್ಧತಿ ಇತ್ತು. ವಾಚಿನಿಂದ ತೆಗೆದ ಹಳೆಯ ಸಾಮಾನನ್ನು, ಸತ್ತ ಬ್ಯಾಟರಿಯನ್ನೂ ಬಿಡದೆ, ಕಾಗದದಲ್ಲಿ ಪೊಟ್ಟಣ ಕಟ್ಟಿ ಗಿರಾಕಿಯ ಕೈಗೆ ಕೊಡುತ್ತಿದ್ದರು. ವಾಚ್ ರಿಪೇರಿಯವರು ಒಳಗಿನ ಒಳ್ಳೆಯ ಸಾಮಾನು ಬದಲಾಯಿಸುತ್ತಾರೆ ಎಂದು ಜನ ಆಡಿಕೊಳ್ಳುವುದು ಅವರಿಗೆ ಗೊತ್ತಿತ್ತು.

ನನ್ನ ದುಡ್ಡು ಎಷ್ಟೆಂದು ಕೇಳಿ ಅವರು ನಗಲಿಲ್ಲ. ಅಂಗಡಿ ಮುಚ್ಚಿ, ತಮ್ಮ ಬಸ್ ಚಾರ್ಜು ತಾವೇ ಕೊಟ್ಟು, ನನ್ನ ಜೊತೆ ಶಿವಮೊಗ್ಗಕ್ಕೆ ಬಂದರು. ಅಲ್ಲಿಯ ಅಂಗಡಿಯವನು ಕೆಂಪು ಬಣ್ಣದ, ಫಳಫಳ ಹೊಳೆಯುವ ರೀಲು ತೆಗೆದಿಟ್ಟು ಇದರಲ್ಲಿ ಹನ್ನೆರಡು ಬೇರಿಂಗ್ ಇದೆ ಎಂದು ಶುರುಮಾಡಿದ. ನನ್ನ ಕಣ್ಣು ಅದಕ್ಕೇ ಅಂಟಿಕೊಂಡಿತು.

"ಬೇರಿಂಗ್ ಎಷ್ಟಿದ್ರೆ ಎಂತ ಮಾರಾಯ, ತಿರುಗೋದು ಮುಖ್ಯ" ಎಂದು ಅವರು ಒಂದೊಂದೇ ರೀಲು ಎತ್ತಿ, ಉರುಳೆ ಬಿಟ್ಟು ಹೆಬ್ಬೆರಳಿನಲ್ಲಿ ತಿರುಗಿಸಿ ಕಿವಿಗೆ ಹಿಡಿದರು. ಹಿಡಿಕೆ ಅಲ್ಲಾಡಿಸಿ ನೋಡಿದರು. ಬ್ರೇಕು ಹೊರಗಿನಿಂದಲೇ ತಿರುಗಿಸುವ ಹಾಗಿರಬೇಕು, ಹೊಸಬರು ದಾರ ಗೋಜಲು ಮಾಡಿಕೊಳ್ಳುವುದು ಅದಿಲ್ಲದೆಯೇ ಎಂದರು. ಕೊನೆಗೆ ಬೂದು ಬಣ್ಣದ, ನೋಡಲು ಏನೇನೂ ಚೆಂದವಿಲ್ಲದ ಒಂದನ್ನು ಆರಿಸಿದರು. ರಾಡು ಹೆಸರಿಲ್ಲದ್ದು ಸಾಕು, ತೀರಾ ಗಡಸು ಬೇಡ, ರೀಲು ಕೂರಿಸಿ ಕೈಯಲ್ಲಿ ಹಿಡಿದಾಗ ಮೂತಿ ಭಾರವೆನ್ನಿಸಬಾರದು, ಉಳಿದದ್ದಕ್ಕೆ ಒಳ್ಳೆಯ ದಾರ ತೆಗೆದುಕೋ ಎಂದರು. ಅಂಗಡಿಯವನು ಇವರಿಗೆ ಚಹಾ ತರಿಸುತ್ತೇನೆಂದರೂ ಬೇಡವೆಂದರು. ಬಸ್ಸಿನಲ್ಲಿ ಬರುವಾಗ ಮಾತ್ರ ಹೇಳಿದರು:

"ಎಣ್ಣೆ ಒಣಗಿದ್ರೆ ನನ್ನ ಹತ್ರ ತಾ. ನೀನು ಕೈ ಹಾಕ್ಬೇಡ."

ಅಷ್ಟು ಸಾಕಾಯಿತು ನನ್ನ ತಲೆ ಕೆಡಲು. ಮೀನು ತಿನ್ನದವರಿಗೆ ಮೀನಿನ ರೀಲಿನ ಉಸಾಬರಿ ಯಾಕೆ? ಪ್ರತಿ ಸಲ ಎಣ್ಣೆಯ ನೆಪದಲ್ಲಿ ನನ್ನಿಂದ ಕೀಳುವ ಉಪಾಯ ಇರಬೇಕು ಎಂದುಕೊಂಡೆ. ನಮ್ಮ ಕೆಲಸದಲ್ಲಿ ಕತ್ತಿಗೂ ಕೊಬ್ಬರಿ ಎಣ್ಣೆ, ಬೀಗಕ್ಕೂ ಕೊಬ್ಬರಿ ಎಣ್ಣೆ, ಔಷಧಿ ಪಂಪಿನ ವಾಷರಿಗೂ ಅದೇ. ದೀಪಾವಳಿ ಕಳೆದ ಮೇಲೆ ರೀಲಿನ ಪಕ್ಕದ ಮುಚ್ಚಳ ಬಿಚ್ಚಿ ನಾನೇ ಅದನ್ನು ಧಾರಾಳವಾಗಿ ಹಾಕಿದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಹಿನ್ನೀರಿನಲ್ಲಿ ಬಾಳೆಮೀನು ಎದ್ದಿತ್ತು. ನನ್ನ ಕಣ್ಣೆದುರಿಗೇ ಮೊಳಕಾಲುದ್ದದ್ದು ಹೊರಳಿತು. ಬೀಸಿದೆ. ಮೂರು ಮಾರು ಹೋಗಿ ದೊಪ್ಪೆಂದು ಬಿತ್ತು. ಮತ್ತೆ ಬೀಸಿದೆ, ಮತ್ತೆ ಅಷ್ಟೇ. ಉರುಳೆ ತಿರುಗಲು ಕಷ್ಟಪಡುತ್ತಿತ್ತು. ಪಕ್ಕದಲ್ಲಿ ಬಿದಿರಿನ ಕೋಲು ಹಿಡಿದಿದ್ದವರು ಬಿದ್ದು ಬಿದ್ದು ನಕ್ಕರು. ಸಿಟ್ಟಿನಲ್ಲಿ ರೀಲು ಕಿತ್ತು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕೊಪ್ಪ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ವಾಚ್ ರಿಪೇರಿಯವರು ಉರುಳೆ ತಿರುಗಿಸಿದರು. ಚೆನ್ನಾಗಿಯೇ ತಿರುಗಿತು.

"ಸರಿ ಇದ್ಯಲ್ಲ ಮಾರಾಯ? ಬಿಟ್ಟು ಹೋಗು, ಬಿಚ್ಚಿ ನೋಡ್ತೀನಿ."

"ಎಂತಕ್ಕೆ? ಒಳಗಿನ ಒಳ್ಳೇ ಸಾಮಾನು ತೆಗ್ದು ಬೇರೆ ಹಾಕಕ್ಕಾ? ಶಿವಮೊಗ್ಗದಲ್ಲಿ ತಿಂದ ಕಮಿಷನ್ ಸಾಕಾಗ್ಲಿಲ್ವಾ?"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ನಾನು ರೀಲು ಕಿತ್ತುಕೊಂಡು ಬಂದೆ. ಆ ಮೇಲೆ ಕಂಡವರಿಗೆಲ್ಲ ಅದನ್ನೇ ಹೇಳಿದೆ, ಹೇಳಿದಷ್ಟೂ ಬಣ್ಣ ಕಟ್ಟಿದೆ.

ಮಾರನೆಯ ವರ್ಷದ ಚಳಿಯಲ್ಲಿ ಹೆಂಡತಿ ತಲೆಗೆ ಹಚ್ಚಲು ಎಣ್ಣೆ ಬಾಟಲಿ ಬೋರಲು ಹಾಕಿ ಬಡಿಯುತ್ತಿದ್ದಳು. ಎಣ್ಣೆ ಗಟ್ಟಿಯಾಗಿ ಬೆಳ್ಳಗೆ ಕೂತಿತ್ತು. ಪ್ರತಿ ವರ್ಷ ನೋಡುವುದೇ. ಅವತ್ತು ಮಾತ್ರ ರೀಲಿಗೆ ನಾನು ಹಾಕಿದ್ದೂ ಇದೇ ಎಣ್ಣೆ ಎಂದು ಹೊಳೆಯಿತು. ಗೋಡೆಗೆ ನೇತುಹಾಕಿದ್ದ ರೀಲು ತಂದು ಮುಚ್ಚಳ ಬಿಚ್ಚಿದೆ. ಬೇರಿಂಗಿನ ಸುತ್ತ ಮೇಣದ ಹಾಗೆ ಬೆಳ್ಳಗೆ ಕಟ್ಟಿಕೊಂಡಿತ್ತು. ಹೋದ ವರ್ಷವೂ ಬೆಳಗಿನ ಚಳಿಗೆ ಕಟ್ಟಿಕೊಂಡದ್ದು ಮಧ್ಯಾಹ್ನದ ಬಿಸಿಲಿಗೆ, ನನ್ನ ಜೇಬಿನ ಬಿಸಿಗೆ ಕರಗಿತ್ತು. ಇದು ತಿಳಿಯಲು ವಿದ್ಯೆ ಬೇಕೆ? ತಲೆಗೆ ಎಣ್ಣೆ ಹಚ್ಚುವ ಯಾವ ಮಲೆನಾಡಿನವನಿಗೂ ಗೊತ್ತು. ನನ್ನಂಥ ಶುದ್ಧ ಅವಿವೇಕಿಗೆ ಮಾತ್ರ ಗೊತ್ತಾಗಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಹೆಂಡತಿಯ ಮೆಷಿನ್ನಿನ ಎಣ್ಣೆ ಎರಡೇ ತೊಟ್ಟು ಬಿಟ್ಟೆ. ಆ ಬೂದು ರೀಲು ಆಮೇಲೆ ಒಂದು ದಿನವೂ ನಿಲ್ಲಲಿಲ್ಲ.

ಕೊಪ್ಪಕ್ಕೆ ಹೋದೆ. ಕಾಲು ಹಿಡಿಯುತ್ತೇನೆ ಎಂದೇ ಹೊರಟವನು ನಾನು. ಚೀಟಿ ಕಟ್ಟಿದ ವಾಚುಗಳಿಂದ ತುಂಬಿರುತ್ತಿದ್ದ ಅವರ ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕೋ ಐದೋ ಉಳಿದಿದ್ದವು. ಮೊಬೈಲ್ ಬಂದ ಮೇಲೆ ವಾಚು ಯಾರು ಕಟ್ಟುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆಚೆ ರಸ್ತೆಯ ಇನ್ನೊಂದು ರಿಪೇರಿ ಅಂಗಡಿಯಲ್ಲಿ ಜನ ನಿಂತಿದ್ದರು. ಅವರು ನನ್ನನ್ನು ನೋಡಿ ಸ್ಟೂಲು ಸರಿಸಿದರು. ಅದೇ ಎಣ್ಣೆಯ ವಾಸನೆ.

"ರೀಲು ಹೆಂಗಿದೆ?" ಎಂದು ಕೇಳಿದರು.

"ಸರಿ ಆಯ್ತು" ಎಂದೆ. ಹೇಗೆ ಸರಿಯಾಯಿತು, ಯಾರು ಕೆಡಿಸಿದ್ದರು, ಒಂದನ್ನೂ ಹೇಳಲಿಲ್ಲ. ನಾಲಿಗೆ ಏಳಲಿಲ್ಲ ಎಂದರೆ ಸುಳ್ಳು. ಪಕ್ಕದಲ್ಲಿ ಇಬ್ಬರು ಗಿರಾಕಿಗಳಿದ್ದರು, ಅವರ ಎದುರು ಸಣ್ಣವನಾಗಲು ನನಗೆ ಮನಸ್ಸಿರಲಿಲ್ಲ. ಬೈಯುವಾಗ ಇಡೀ ಬಸ್ ಸ್ಟ್ಯಾಂಡ್ ಬೇಕಾಗಿತ್ತು!

ಅವರು ಕೈಯಲ್ಲಿದ್ದ ವಾಚು ಕೆಳಗಿಟ್ಟರು.

"ಹಂಗಾದ್ರೆ ಅವತ್ತು ನಾನೇ ಸರಿಯಾಗಿ ನೋಡ್ಲಿಲ್ಲ ಕಾಣುತ್ತೆ. ಬೇಜಾರು ಮಾಡ್ಕೋಬೇಡ ಮಾರಾಯ" ಎಂದರು.

ಮುಂದಿನ ವಾರ ಒಬ್ಬರೇ ಇರುವಾಗ ಬಂದು ಹೇಳುತ್ತೇನೆ ಎಂದುಕೊಂಡು ಎದ್ದೆ. ಅಂಥ ಎಷ್ಟೋ ವಾರಗಳು ಹೋದವು. ಬೇಸಿಗೆಯಲ್ಲಿ ಅವರು ತೀರಿಕೊಂಡರೆಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುವಾಗ ಗೊತ್ತಾಯಿತು. ಅವರ ಹೆಸರಿನ ಜೊತೆ ನಾನು ಹಚ್ಚಿದ ಮಸಿಯೂ ಆ ಮಾತಿನಲ್ಲಿ ಬಂತು. ಅವತ್ತೂ ನಾನು ಕಿಟಕಿಯಾಚೆ ನೋಡುತ್ತ ಕುಳಿತಿದ್ದೆ.

ಮೊನ್ನೆ ಭಾನುವಾರ ಇದಿಷ್ಟನ್ನೂ ಭಾಮೈದನ ಮುಂದೆ ಕಕ್ಕಿದೆ. ಮೆಷಿನ್ ಬಿಟ್ಟು ಹೆಂಡತಿಯೂ ಬಂದು ನಿಂತಳು. ನನ್ನ ದನಿ ಏರಿತ್ತು.

"ಅವರು ಒಂದು ಪೈಸೆ ಮುಟ್ಟಿಲ್ಲ, ತಿಳ್ಕೋ. ಎಣ್ಣೆ ಹಾಕಿ ಕೆಡಿಸಿದ್ದು ನಾನು. ಊರೆಲ್ಲ ಸುಳ್ಳು ಹಬ್ಬಿಸಿದ್ದೂ ನಾನು. ಇನ್ನೊಂದು ಸಲ ಅವರನ್ನ ಹಂಗೆ ಅಂದ್ರೆ ನೋಡು!"

ಅವನು ಫೋನು ಕೆಳಗಿಟ್ಟು ನನ್ನನ್ನೇ ನೋಡಿದ. ಅವನ ಮುಖದಲ್ಲಿ ಗೌರವ ಕಾಣಿಸಿತು.

"ಬಿಡಿ ಭಾವ, ನಂಗೆ ಅರ್ಥ ಆಗುತ್ತೆ" ಎಂದ. "ತೀರಿಹೋದೋರ ಮೇಲೆ ಯಾಕೆ ಹೇಳೋದು ಅಂತ ನೀವು ಎಲ್ಲಾ ನಿಮ್ಮ ಮೇಲೆ ಹಾಕ್ಕೊಳ್ತಿದೀರಿ. ನಿಮ್ದು ದೊಡ್ಡ ಮನಸ್ಸು."