ಪಿಡಿಎಫ್‌ನಲ್ಲಿದ್ದ ಮುಖ

ಕಂಪ್ಯೂಟರ್ ಪರದೆಯ ಮೇಲಿದ್ದ ಮುಖವೇ ಕೌಂಟರಿನಾಚೆ ಬಂದು ನಿಂತಾಗ ನಾನು ಮೌಸ್ ಬಿಟ್ಟು ಕುರ್ಚಿಯಿಂದ ಎದ್ದುಬಿಟ್ಟೆ. ಭದ್ರಾವತಿಯ ನಮ್ಮ ಜೆರಾಕ್ಸ್ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ವೈಕುಂಠ ಸಮಾರಾಧನೆ ಪತ್ರಿಕೆಯ ಪಿಡಿಎಫ್ ಬಂದಿತ್ತು. ಜೊತೆಗೆ ಕಳಿಸಿದ್ದ ಫೋಟೋವನ್ನು ಅದಕ್ಕೆ ಸೇರಿಸಿ, ಪಕ್ಕದಲ್ಲಿ ದೀಪದ ಚಿತ್ರ ಇಟ್ಟು ಆಗಷ್ಟೇ ಮುಗಿಸಿದ್ದೆ.

"ಹೆದರ್ಕೋಬೇಡಿ ಮೇಡಂ, ಅದು ನಂದೇ ಫೋಟೋ" ಎಂದರು ಅವರು. ತೀರಿಹೋದದ್ದು ಅವರ ಅವಳಿ ಅಣ್ಣ. ಅಣ್ಣನ ಈಚಿನ ಫೋಟೋಗಳೆಲ್ಲ ಮೊಬೈಲಿನಲ್ಲೇ ಉಳಿದಿದ್ದವು, ಅದರ ಲಾಕ್ ತೆಗೆಯುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಇವರು ತಮ್ಮ ಫೋಟೋವನ್ನೇ ಕಳಿಸಿದ್ದರು.

ಜೊತೆಗೆ ಬಂದಿದ್ದ ಅತ್ತಿಗೆ ಪರದೆ ನೋಡಿ, "ಇದು ನಮ್ಮನೆಯವರ ಥರ ಇಲ್ಲ. ಅವರು ನಗ್ತಾ ಇರ್ತಿದ್ರು" ಎಂದರು.

ಬೇರೆ ಫೋಟೋ ತೆಗೆಯಲೆಂದು ನಾನು ಆ ತಮ್ಮನನ್ನು ಗೋಡೆಯ ಬಳಿ ಕೂರಿಸಿದೆ. ಅವರು ಸ್ವಲ್ಪ ಹೊತ್ತು ತಲೆ ತಗ್ಗಿಸಿದ್ದು, ಅಣ್ಣನನ್ನು ನೆನೆಸಿಕೊಂಡವರಂತೆ ತುಟಿಯ ಒಂದು ಬದಿಯನ್ನಷ್ಟೇ ಮೇಲೆತ್ತಿ ನಕ್ಕರು. ಕಣ್ಣು, ಕೆನ್ನೆ, ಕುತ್ತಿಗೆ ವಾಲಿದ ರೀತಿ ಎಲ್ಲವೂ ಬದಲಾಗಿ, ಅಲ್ಲಿ ಬೇರೆ ಯಾರೋ ಬಂದು ಕುಳಿತ ಹಾಗಾಯಿತು. ಅತ್ತಿಗೆ ತಟ್ಟನೆ ಎದ್ದು ನಿಂತರು.

"ರೀ... ಎಲ್ಲಿಗೆ ಹೋಗಿದ್ರಿ?"

ತಮ್ಮನ ಮುಖದ ಮೇಲಿನ ನಗು ಆರಿಹೋಯಿತು. ಅಷ್ಟರಲ್ಲಿ ನಾನು ಫೋಟೋ ಕ್ಲಿಕ್ಕಿಸಿಯಾಗಿತ್ತು.

ಪಿಡಿಎಫ್‌ಗೆ ಅದನ್ನೇ ಸೇರಿಸಿ ಕಳಿಸಿದೆ. ಸಂಜೆ ಶಿವಮೊಗ್ಗದ ಬಸ್ಸಿನಲ್ಲಿ ಮನೆಗೆ ಬರುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಇನ್ನು ಆ ಮನೆಯಲ್ಲಿ, ಆ ಹೆಂಗಸಿನ ಎದುರು, ಆ ಮನುಷ್ಯ ನಗುವುದಾದರೂ ಹೇಗೆ?