ಬಂದ್ ಮಾಡಬಾರದ ಜೀಪು

ನಮ್ಮ ಸೀಮೆಯ ಊರೂರನ್ನೇ ಕೆಡವಿದ ಭೂಕಂಪವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಔರಾದ ಶಹಾಜನಿಯ ನಮ್ಮ ಓಣಿಯ ಮೆಕ್ಯಾನಿಕ್‌ಗೆ ಹಳೆಯ ಡೀಸೆಲ್ ಜೀಪೇ ಮನೆದೇವರು. ಮಳೆಗಾಲದಲ್ಲಿ ಹಳ್ಳದ ನೀರಲ್ಲಿ ಪ್ಲಗ್ ನೆನೆದು ನಿಂತ ಪೆಟ್ರೋಲ್ ಗಾಡಿಗಳನ್ನು ಅದಕ್ಕೆ ಹಗ್ಗ ಕಟ್ಟಿ ಎಳೆದು ತರುತ್ತಿದ್ದರು. ಆಮೇಲೆ ಎಣ್ಣೆಗೈಯನ್ನು ತಲೆಗೂದಲಿಗೆ ಒರೆಸಿಕೊಂಡು, "ಡೀಸಲ್ಲಿಗಿ ಪ್ಲಗ್ಗೇ ಇಲ್ರೀ, ನೆನೀಲಿಕ್ಕ ಏನದ?" ಎನ್ನುತ್ತಿದ್ದರು.

ಜೀಪಿನ ಸ್ಟಾರ್ಟರ್ ಕೆಟ್ಟಿದ್ದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಇಳಿಜಾರಿನಲ್ಲಿ ಉರುಳಿಸಿ ಚಾಲೂ ಮಾಡಿದರೆ ಸಂಜೆಯವರೆಗೆ ಬಂದ್ ಮಾಡುತ್ತಿರಲಿಲ್ಲ.

ಅವರ ಮಗನಿಗೆ ಹೆಣ್ಣು ನೋಡಲು ಕಾಸಾರಶಿರಸಿಗೆ ಹೋದಾಗ ನಾನೂ ಜೊತೆಗಿದ್ದೆ. ಬಾಗಿಲಲ್ಲಿ ಜೀಪು ಗುಡುಗುತ್ತಲೇ ಇತ್ತು. ಗೋಡೆಗೂಡಿನ ಬಟ್ಟಲುಗಳು ನಡುಗಿದ್ದೇ ತಡ, ಹುಡುಗಿಯ ಅಜ್ಜಿ ಭೂಕಂಪವೆಂದು ಅಂಗಳಕ್ಕೆ ಓಡಿದಳು.

"ಗಾಡಿ ಬಂದ್ ಮಾಡ್ರೀ," ಎಂದು ಹುಡುಗಿಯ ಅಪ್ಪ ಕೂಗಿದರು.

"ಇರ್ಲಿ ಬಿಡ್ರೀ, ಡೀಸಲ್ಲಿನ ದನಿ ಶುಭ!" ಎಂದು ನಮ್ಮ ಮೆಕ್ಯಾನಿಕ್ ಕೂಡ ಕೂಗಿದರು.

ಅಂಗಳದಿಂದ ಅಜ್ಜಿ ಅದಕ್ಕಿಂತ ಜೋರಾಗಿ, "ಅದು ಹೋಗೋ ತನಕ ನಾ ಒಳಗ ಬರಂಗಿಲ್ಲ. ಲಗೂನ ಹೂಂ ಅಂದು ಕಳಸ್ರೋ!" ಎಂದಳು. ಹುಡುಗಿ ನಗು ತಡೆಯಲಾರದೆ ಹೂಂ ಎಂದು ತಲೆಯಾಡಿಸಿದಳು. ಸಂಜೆಯವರೆಗೆ ಎಳೆಯಬೇಕಾದ ಮಾತುಕತೆ ಚಹಾ ಆರುವ ಮೊದಲೇ ಮುಗಿಯಿತು.

ಮದುವೆಯ ದಿನ ಹುಡುಗಿಯ ಅಪ್ಪ ಅಜ್ಜಿ ಹೆದರಬಾರದೆಂದು ತಾವೇ ಹೋಗಿ, ಬಾಗಿಲಲ್ಲಿ ಗುಡುಗುತ್ತಿದ್ದ ಜೀಪು ಬಂದ್ ಮಾಡಿಬಿಟ್ಟರು. ಮದುಮಕ್ಕಳು ಹತ್ತಿ ಕೂತ ಮೇಲೆ ಅದು ಚಾಲೂ ಆಗಲೇ ಇಲ್ಲ. ಸುರಿಯುವ ಮಳೆಯಲ್ಲಿ ಇಡೀ ಬೀಗರ ಬಳಗ ಕೆಸರು ತುಳಿಯುತ್ತ ಅದನ್ನು ನೂಕಿತು. ಸ್ಟೀರಿಂಗ್ ಹಿಡಿದ ನಮ್ಮ ಮೆಕ್ಯಾನಿಕ್ ಹೊರಗೆ ಕತ್ತು ಚಾಚಿ, ಹೆಮ್ಮೆಯಿಂದ ಕೂಗಿದರು:

"ನೂಕ್ರೀ ಬೀಗರೇ! ಪೆಟ್ರೋಲ್ ಗಾಡಿ ಆಗಿದ್ರ ಈ ಮಳಿಗಿ ಎಂದೋ ನಿಂತುಬಿಡ್ತಿತ್ತು!"