ಕಡ್ಡಿಯ ಲಂಗ

ದರ್ಜಿಯಮ್ಮನ ಮಗಳಿಗೂ ಅವಳ ಗೆಳತಿ ಕಡ್ಡಿಗೂ ಮೂರು ತಿಂಗಳಿಂದ ಎಣ್ಣೆ ಸೀಗೆಕಾಯಿ. ಪರೀಕ್ಷೆಗೆ ಮುಂಚೆ ಕಡ್ಡಿ ಬೇರೆ ಬೆಂಚಿಗೆ ಹೋಗಿ ಕೂತಿದ್ದೇ ಅದಕ್ಕೆ ಕಾರಣ. ರಜೆ ಮುಗಿಯುವ ಹೊತ್ತಿಗೆ ಕಡ್ಡಿಯ ಅಜ್ಜಿ ಅವಳ ಶಾಲೆಯ ಲಂಗ ತಂದು, ಉದ್ದ ಬಿಡಿಸಲು ಕೊಟ್ಟುಹೋದಳು.

"ಅವಳನ್ನ ಕರೆದು ಅಳತೆ ತಗೊಳ್ಳೇ," ಎಂದಳು ಅಮ್ಮ.

"ಏನೂ ಬೇಕಾಗಿಲ್ಲ. ಅವಳ ಅಳತೆ ಅಂದ್ರೆ ನನ್ನ ಅಳತೇನೇ."

ಐದನೇ ಕ್ಲಾಸಿನಿಂದಲೂ ಇಬ್ಬರದೂ ಭುಜಕ್ಕೆ ಭುಜ ಸಮ. ಹುಡುಗಿ ಅಂಚಿನ ಹೊಲಿಗೆ ಬಿಚ್ಚಿ, ಲಂಗವನ್ನು ತಾನೇ ಹಾಕಿಕೊಂಡು ನೋಡಿ, ಮಂಡಿ ಮುಚ್ಚುವಷ್ಟು ಬಿಟ್ಟು ಮಡಿಚಿ ಹೊಲಿದಳು. ಸಿಟ್ಟಿನಲ್ಲೂ ಹೊಲಿಗೆ ಸೊಟ್ಟಗಾಗಲಿಲ್ಲ ಎಂಬ ಜಂಬ ಬೇರೆ.

ಮರುದಿನ ಆ ಲಂಗ ಹಾಕಿಕೊಂಡು ಕಡ್ಡಿಯೇ ಬಂದು ಅಂಗಡಿ ಬಾಗಿಲಲ್ಲಿ ನಿಂತಳು. ಮಂಡಿ ಮುಚ್ಚಲು ಇನ್ನೂ ಎರಡು ಬೆರಳು ಬೇಕಿತ್ತು. ಹುಡುಗಿ ಎದ್ದು ಎದುರಿಗೆ ನಿಂತಳು. ಕಡ್ಡಿಯ ಮುಖ ನೋಡಲು ಈಗ ತಲೆ ಎತ್ತಬೇಕಾಯಿತು.

"ಇಷ್ಟುದ್ದ ಯಾವಾಗ ಬೆಳೆದ್ಯೇ?"

"ನೀನು ಮಾತು ಬಿಟ್ಟಿದ್ಯಲ್ಲ, ಆಗ."

ಹುಡುಗಿ ಟೇಪು ತಂದಳು. ಕಡ್ಡಿಯ ಕಾಲ ಬಳಿ ಮಂಡಿಯೂರಿ ಕೂತು, ಜೀವಮಾನದಲ್ಲಿ ಮೊದಲ ಸಲ ಗೆಳತಿಯ ಅಳತೆ ತೆಗೆದಳು.